ಕೆಳಗಿನಿಂದ ನಾಲ್ಕನೇ ಸಾಲು

ಕೋಲಾರದ ಚಿನ್ನದ ಗಣಿಯಲ್ಲಿ ದೊಡ್ಡವೆಂಕಟಪ್ಪ ಎಂದು ಕೇಳಿದರೆ ಜನ ‘ಯಾವ ದೊಡ್ಡವೆಂಕಟಪ್ಪ?’ ಎಂದು ತಿರುಗಿ ಕೇಳುತ್ತಿದ್ದರು. ಮರಳು ವೆಂಕಟಪ್ಪ ಎಂದರೆ ಸಾಕು, ಕೋರಮಂಡಲದಿಂದ ರಾಬರ್ಟ್‌ಸನ್‌ಪೇಟೆಯವರೆಗೆ ಯಾರು ಬೇಕಾದರೂ ಅವನ ಮನೆಯ ದಾರಿ ತೋರಿಸುತ್ತಿದ್ದರು. ಅವನ ಕೆಲಸ ತುಕ್ಕು ತೆಗೆಯುವುದು. ಭೂಮಿಯ ಒಳಗಿರುವುದು ಚಿನ್ನವಾದರೂ ಗಣಿಯ ಮೇಲಿರುವುದೆಲ್ಲ ಕಬ್ಬಿಣ ತಾನೆ? ಗಣಿಗಿಳಿಯುವ ಬಾವಿಯಾದ ಶಾಫ್ಟಿನ ಮೇಲಿನ ಗೋಪುರ, ಅದರ ಗಾಲಿ, ತೊಟ್ಟಿ, ಕೊಳವೆ, ಯಾವುದನ್ನೂ ತುಕ್ಕು ಬಿಡುತ್ತಿರಲಿಲ್ಲ. ಬಣ್ಣ ಬಳಿಯುವ ಮುಂಚೆ ಆ ತುಕ್ಕು ಹೋಗಬೇಕು, ಅದಕ್ಕೆ ಮರಳು ಹೊಡೆಯಬೇಕು.

ಮರಳು ಹೊಡೆಯುವುದೆಂದರೆ ಬೊಗಸೆಯಲ್ಲಿ ಎತ್ತಿ ಎರಚುವುದಲ್ಲ. ಪಾಲಾರ್ ಹೊಳೆಯ ಮರಳನ್ನು ಒಣಗಿಸಿ, ಜರಡಿ ಹಿಡಿದು, ಕಬ್ಬಿಣದ ಹಂಡೆಗೆ ತುಂಬಿ, ಕಂಪ್ರೆಸರಿನ ಗಾಳಿ ಬಿಟ್ಟರೆ ಅದು ರಬ್ಬರ್ ಕೊಳವೆಯ ತುದಿಯಲ್ಲಿ ಬುಸುಗುಟ್ಟುತ್ತ ಹೊರಬರುತ್ತಿತ್ತು. ಪಕ್ಕದಲ್ಲೇ ಬೆಟ್ಟದಂತೆ ಬಿದ್ದಿದ್ದ, ಚಿನ್ನ ತೆಗೆದು ಚೆಲ್ಲಿದ ಸೈನೈಡ್ ದಿಬ್ಬದ ಮರಳು ಪುಕ್ಕಟೆ ಸಿಗುತ್ತಿದ್ದರೂ ಅವನು ಮುಟ್ಟುತ್ತಿರಲಿಲ್ಲ. ಅದು ರಾಗಿ ಹಿಟ್ಟಿಗಿಂತ ನುಣ್ಣಗೆ, ತಾಕಿದರೆ ತುಕ್ಕೇ ನಕ್ಕುಬಿಡುತ್ತದೆ ಎನ್ನುತ್ತಿದ್ದ. ತಲೆಗೊಂದು ಕ್ಯಾನ್ವಾಸಿನ ಮುಸುಕು, ಮುಸುಕಿನ ಮುಂದೆ ಅಂಗೈ ಅಗಲದ ಗಾಜು. ಮರಳು ಸಿಡಿದೂ ಸಿಡಿದೂ ಆ ಗಾಜು ಎರಡು ತಿಂಗಳಿಗೆ ಕುರುಡಾಗುತ್ತಿತ್ತು. ಮುಸುಕಿನ ಸಂದಿಯಲ್ಲಿ ನುಗ್ಗಿದ ದೂಳು ಅವನ ಎದೆಗೂ ಇಳಿದಿತ್ತು. ಬೆಳಗ್ಗೆ ಎದ್ದರೆ ಅರ್ಧ ಗಂಟೆ ಕೆಮ್ಮು. ಕೇಳಿದವರಿಗೆ ಬೀಡಿಯ ಕೆಮ್ಮು ಎನ್ನುತ್ತಿದ್ದ. ಅವನು ಬೀಡಿ ಸೇದಿದ್ದನ್ನು ಮಾತ್ರ ಯಾರೂ ಕಂಡಿರಲಿಲ್ಲ.

ಅದೇ ಯಾರ್ಡಿನಲ್ಲಿ ನೀರಿನ ಪಂಪೂ ಒಂದಿತ್ತು. ಹಿತ್ತಾಳೆಯ ಮೂತಿಯಿಂದ ಜೋರಾಗಿ ನೀರು ಬಿಟ್ಟು ಲಾರಿ, ಟ್ರಾಲಿ, ಕೆಸರು ಮೆತ್ತಿದ ಯಂತ್ರಗಳನ್ನು ತೊಳೆಯುತ್ತಿದ್ದರು. ಅದನ್ನು ಕಂಡರೆ ವೆಂಕಟಪ್ಪನಿಗೆ ನಗು. “ಅದು ಪಾತ್ರೆ ತಿಕ್ಕೋ ಕೆಲ್ಸ ಕಣ್ರಲಾ. ತುಕ್ಕಿಗೆ ನೀರು ಕುಡಿಸಿದ್ರೆ ಅದು ಇನ್ನೂ ಬೆಳೀತದೆ” ಎಂದು ಪಂಪಿನವರನ್ನು ಹದಿನೈದು ವರ್ಷ ಆಡಿಕೊಂಡ. ಮಾತೇನೋ ನಿಜವೇ. ಆದರೆ ನಿಜವನ್ನು ಹದಿನೈದು ವರ್ಷ ಒಂದೇ ಸಮನೆ ಆಡಿದರೆ ಕೇಳುವವರಿಗೆ ಮೈ ಉರಿಯುತ್ತದೆ. ಅವನಿಗೊಂದು ದಿನ ಬುದ್ಧಿ ಬರಲಿ ಎಂದು ಪಂಪಿನವರು ಕಾಯುತ್ತಿದ್ದರು.

ಅವನ ಊರು ಕ್ಯಾಸಂಬಳ್ಳಿಯ ಮಗ್ಗುಲ ಹಳ್ಳಿ. ಅಪ್ಪ ತೀರಿಕೊಂಡ ಮೇಲೆ ಅಮ್ಮ ಮುನಿಗಂಗಮ್ಮ ಇಬ್ಬರು ಗಂಡುಮಕ್ಕಳನ್ನೂ ಕರೆದುಕೊಂಡು ಗಣಿಗೆ ಬಂದಳು. ಒಬ್ಬ ಒಳಗೆ ಇಳಿಯಲಿ, ಒಬ್ಬ ಮೇಲಿರಲಿ ಎಂಬುದು ಅವಳ ಲೆಕ್ಕ. ಒಳಗೆ ಕೂಲಿ ಹೆಚ್ಚು, ಮೇಲೆ ಆಯುಸ್ಸು ಹೆಚ್ಚು. ದೊಡ್ಡವನಿಗೆ ಕತ್ತಲೆ ಕಂಡರೆ ಆಗದು. ಮೊದಲ ದಿನವೇ ಶಾಫ್ಟಿನ ಬಾಯಲ್ಲಿ ಇಣುಕಿ ನೋಡಿ ಹಿಂದೆ ಸರಿದುಬಿಟ್ಟ. ಹಾಗಾಗಿ ಇಳಿದವನು ಚಿಕ್ಕವನು, ಮುನಿಸ್ವಾಮಪ್ಪ. ಸಾವಿರದ ಒಂಬೈನೂರ ನಲವತ್ತೇಳರಲ್ಲಿ ಭೂಮಿ ಒಳಗೇ ಬಂಡೆ ಸಿಡಿದು ಒಂಬತ್ತು ಜನ ಸತ್ತರು. ಅವರಲ್ಲಿ ಮುನಿಸ್ವಾಮಪ್ಪನೂ ಒಬ್ಬ. ಅವನ ಮೈ ಗಣಿಯಿಂದ ಮೇಲಕ್ಕೆ ಬರಲೇ ಇಲ್ಲ. ಎಂಟು ದಿನ ಅಗೆದು, ಆ ದಾರಿಯನ್ನೇ ಮುಚ್ಚಿದರು.

ಮಣ್ಣು ಮಾಡಲು ಮೈ ಇಲ್ಲ, ಹೂ ಇಡಲು ಗುಡ್ಡೆ ಇಲ್ಲ. ಎರಡು ವರ್ಷವಾದ ಮೇಲೆ ಕಂಪನಿಯವರು ಶಾಫ್ಟಿನ ಹತ್ತಿರ ಒಂದು ಕಲ್ಲು ನೆಟ್ಟು ಒಂಬತ್ತು ಹೆಸರನ್ನೂ ಒಂದರ ಕೆಳಗೊಂದು ಕೆತ್ತಿಸಿದರು, ಇಂಗ್ಲಿಷಿನಲ್ಲಿ. ಸತ್ತವರಲ್ಲಿ ಒಬ್ಬನಿಗೂ ಆ ಅಕ್ಷರ ಬರುತ್ತಿರಲಿಲ್ಲ, ಅವರ ಮನೆಯವರಿಗೂ ಬರುತ್ತಿರಲಿಲ್ಲ. ಕಲ್ಲು ನೆಟ್ಟ ದಿನ ಆಫೀಸಿನ ಯಾರೋ ಒಬ್ಬರು ಮುನಿಗಂಗಮ್ಮನ ಕೈ ಹಿಡಿದು, ‘ನೋಡಮ್ಮ, ಕೆಳಗಿಂದ ನಾಲ್ಕನೇ ಸಾಲು, ಇದೇ ನಿನ್ನ ಮಗ’ ಎಂದು ತೋರಿಸಿದರು. ಅವಳಿಗೆ ಅಷ್ಟು ಸಾಕಾಯಿತು. ಪ್ರತಿ ಅಮಾವಾಸ್ಯೆಯ ದಿನ ಕಲ್ಲಿನ ಮುಂದೆ ಕೂತು, ಕೆಳಗಿನಿಂದ ಬೆರಳಿಟ್ಟು ಒಂದು, ಎರಡು, ಮೂರು, ನಾಲ್ಕು ಎಂದು ಎಣಿಸಿ, ಆ ಸಾಲಿನ ಮೇಲೆ ಒಂದು ಮೊಳ ಕನಕಾಂಬರ ಅಂಟಿಸಿ, ಮನೆಯ ಕಷ್ಟಸುಖವೆಲ್ಲ ಮಗನಿಗೆ ಹೇಳಿ ಏಳುತ್ತಿದ್ದಳು.

ಕಲ್ಲಿನ ಮೇಲೆ ಜನರಿಗೆ ಭಕ್ತಿ ಹುಟ್ಟಿತು. ಭಕ್ತಿ ಹುಟ್ಟಿದ ಮೇಲೆ ಕೇಳಬೇಕೆ? ಆಯುಧಪೂಜೆ ಬಂತೆಂದರೆ ಕಂಬ, ಗೋಡೆ, ಕಾಂಪೌಂಡಿನ ಜೊತೆಗೆ ಆ ಕಲ್ಲಿಗೂ ಒಂದು ಬಳಿತ ಸುಣ್ಣ, ಮೇಲೆ ಅರಿಶಿನ, ಕುಂಕುಮ, ಎಣ್ಣೆ, ದೀಪದ ಮಸಿ. ಐವತ್ತೆರಡರಲ್ಲಿ ವೆಂಕಟಪ್ಪನೇ ತಮ್ಮನ ಮೇಲಿನ ಪ್ರೀತಿಗೆ, ದೀಪ ಇಡಲು ಅನುಕೂಲವಾಗಲಿ ಎಂದು, ರಜೆಯ ದಿನ ಕೂತು ಕಲ್ಲಿನ ಸುತ್ತ ಇಟ್ಟಿಗೆ, ಗಾರೆಯಲ್ಲಿ ಒಂದು ಗೇಣೆತ್ತರದ ಜಗಲಿ ಕಟ್ಟಿದ. ಕಲ್ಲಿನ ಬುಡದಲ್ಲಿದ್ದ ಒಂದೆರಡು ಸಾಲು ಅದರೊಳಗೆ ಹೋಯಿತು. ಅದು ಕಂಪನಿಯ ಹೆಸರೋ ತಾರೀಖೋ ಇರಬೇಕು ಎಂದುಕೊಂಡ. ಅಮ್ಮ ಕೆಳಗಿನಿಂದ ಎಣಿಸುತ್ತಾಳೆ ಎಂಬುದು ಅವನಿಗೆ ಗೊತ್ತಿರಲಿಲ್ಲ. ಹೂವು ತಂದುಕೊಡುವವನು ಅವನೇ, ಆದರೆ ಅವಳು ಮಗನೊಂದಿಗೆ ಮಾತಾಡುವಾಗ ಅವನು ದೂರ ನಿಲ್ಲುತ್ತಿದ್ದ. ತಾನು ಹೆದರಿದ್ದಕ್ಕೆ ತಮ್ಮ ಇಳಿದ ಎಂಬುದು ಅವನ ಮನಸ್ಸಿನಿಂದ ಯಾವತ್ತೂ ಹೋಗಿರಲಿಲ್ಲ.

ಅರವತ್ತೊಂದನೇ ಇಸವಿಗೆ ಕಲ್ಲಿನ ಮೇಲೆ ಹನ್ನೆರಡು ವರ್ಷದ ಸುಣ್ಣ ಕೂತಿತ್ತು. ಅಕ್ಷರ ಕಣ್ಣಿಗೆ ಕಾಣುತ್ತಿರಲಿಲ್ಲ, ಬೆರಳಾಡಿಸಿದರೆ ಸಾಲುಗಳು ಮಾತ್ರ ತಗ್ಗುದಿಣ್ಣೆಯಾಗಿ ಸಿಗುತ್ತಿದ್ದವು. ಗಣಿ ಸರ್ಕಾರದ ಕೈಗೆ ಬಂದು ಐದಾರು ವರ್ಷವಾಗಿತ್ತು. ಒಂದು ಶನಿವಾರ, ಬಣ್ಣದ ಕೆಲಸದ ಮೇಸ್ತ್ರಿ ಕೋದಂಡಪ್ಪ ಯಾರ್ಡಿಗೆ ಬಂದ. ಒಳ್ಳೆಯ ಮನುಷ್ಯ, ಆತುರ ಒಂದು ಇಲ್ಲದಿದ್ದರೆ.

“ಲೇ ಎಂಕಟಪ್ಪ, ಆ ಎಸರಿನ್ ಕಲ್ಲು ನೋಡಿದ್ಯೇನ್ಲಾ? ಮಸಿ ಇಡಿದ್ ಒಲೆ ಇದ್ದಂಗೈತೆ. ಬುಧವಾರ ಬೆಂಗಳೂರಿಂದ ದೊಡ್ಡೋರು ಬತ್ತಾರೆ, ಅದಕ್ಕೆ ಊವಿನ್ ಮಾಲೆ ಆಕ್ತಾರಂತೆ. ಒಂದಂಡೆ ಮರಳು ಒಡ್ದು ಬಿಸಾಕು. ಅರ್ಧ ದಿನದ್ ಕೆಲ್ಸ.”

“ಅರ್ಧ ದಿನ ಯಾಕಣ್ಣ, ಒಂದ್ ಗಂಟೆ ಸಾಕು” ಎಂದ ವೆಂಕಟಪ್ಪ. ತಮ್ಮನ ಹೆಸರು ಮತ್ತೆ ಕಾಣುತ್ತದಲ್ಲ ಎಂದು ಅವನಿಗೆ ಖುಷಿಯೇ ಆಯಿತು. ಹಂಡೆ, ಕೊಳವೆ ಎಲ್ಲ ಎಳೆದುಕೊಂಡು ಹೋಗಿ ಕಲ್ಲಿನ ಹಿಂದೆ ಇಟ್ಟ. ಹಿಂದುಗಡೆ ಯಾರೂ ಸುಣ್ಣ ಬಳಿದಿರಲಿಲ್ಲ. ಕೆಲಸ ಶುರು ಮಾಡುವ ಮುಂಚೆ ಯಾವ ವಸ್ತುವನ್ನಾದರೂ ಉಗುರಿನಲ್ಲಿ ಒಮ್ಮೆ ಕೆರೆದು ನೋಡುವುದು ಅವನ ಅಭ್ಯಾಸ. ಕೆರೆದ. ಉಗುರಿನ ತುಂಬ ಬಿಳಿ ಪುಡಿ ಬಂತು.

ಅದು ಬೆಣಚು ಕಲ್ಲಲ್ಲ, ಬಳಪದ ಕಲ್ಲು. ಕೆತ್ತುವವನ ಕೈಗೆ ಸುಲಭವಾಗಲಿ ಎಂದು ಆಗಿನವರು ತರಿಸಿದ್ದಿರಬೇಕು. ಹನ್ನೆರಡು ವರ್ಷ ಕಣ್ಣ ಮುಂದಿದ್ದರೂ ಅದನ್ನು ಮೆತ್ತಿದ ಸುಣ್ಣದಲ್ಲಿ ಅವನಿಗೆ ಗೊತ್ತಾಗಿರಲಿಲ್ಲ. ಅವನು ಮುಸುಕು ಹಾಕಿಕೊಂಡು, ಹಿಂಭಾಗದ ಒಂದು ಮೂಲೆಗೆ ಮರಳು ಬಿಟ್ಟ. ಒಂದು, ಎರಡು, ಮೂರು ಎಣಿಸಿ ನಿಲ್ಲಿಸಿದ. ಹೆಬ್ಬೆರಳು ಅರ್ಧ ಮುಳುಗುವಷ್ಟು ಗುಳಿ ಬಿದ್ದಿತ್ತು. ಮುಂಭಾಗದ ಅಕ್ಷರಗಳು ಕೆತ್ತಿದ ದಿನವೇ ಒಂದು ರಾಗಿ ಕಾಳು ಕೂರುವಷ್ಟು ಆಳ ಇದ್ದವು. ಮರಳು ಸುಣ್ಣವನ್ನೂ ತಿನ್ನುತ್ತದೆ, ಅದರ ಹಿಂದೆಯೇ ಹೆಸರುಗಳನ್ನೂ ತಿನ್ನುತ್ತದೆ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎನ್ನುತ್ತಾರಲ್ಲ, ಆ ದೊಣ್ಣೆ ಈಗ ಅವನ ಕೈಯಲ್ಲೇ ಇತ್ತು. ಅವನು ಕೊಳವೆ ಕೆಳಗಿಟ್ಟು ಮುಸುಕು ತೆಗೆದ.

ಕೋದಂಡಪ್ಪನನ್ನು ಕರೆತಂದು ಗುಳಿ ತೋರಿಸಿದ. “ಮರಳು ಬ್ಯಾಡಣ್ಣ. ನೀರಲ್ಲಿ ತೊಳೀತೀನಿ.”

“ನೀನಾ? ನೀರಲ್ಲಾ?” ಕೋದಂಡಪ್ಪನಿಗೆ ನಗಬೇಕೋ ಬೈಯಬೇಕೋ ತಿಳಿಯಲಿಲ್ಲ. “ಒಡೀಲಾ ಸುಮ್ನೆ. ಎಸರು ಓದ್ರೆ ಓಗ್ಲಿ, ಕಲ್ಲು ನುಣ್ಣಗಾಯ್ತದಲ್ಲ. ಆಮೇಲೆ ಪೇಂಟಲ್ಲಿ ಬರೆಸಾನ.”

“ಯಾರ್ ಯಾರ್ ಎಸರು ಅಂತ ಬರೆಸ್ತೀಯಣ್ಣ? ನಿಂಗೊತ್ತಾ?”

ಕೋದಂಡಪ್ಪನಿಗೆ ಗೊತ್ತಿರಲಿಲ್ಲ. ಆಫೀಸಿನಲ್ಲಿ ವಿಚಾರಿಸಿದರೆ, ಹಳೆಯ ಕಾಗದ ಯಾವ ಪೆಟ್ಟಿಗೆಯಲ್ಲಿ ಎಲ್ಲಿಗೆ ಹೋಯಿತೋ ಅವರಿಗೂ ಗೊತ್ತಿರಲಿಲ್ಲ. ಒಂಬತ್ತು ಹೆಸರು ಪೂರ್ತಿಯಾಗಿ ಇದ್ದದ್ದು ಆ ಕಲ್ಲಿನ ಮೇಲೆ ಮಾತ್ರ.

“ಬೇತಮಂಗಲದ್ ಕೆರೆ ನೀರು ಕುಡಿಯಾಕೇ ಸಾಲ್ದು, ನೀನು ಕಲ್ಲಿಗೆ ನೀರಾಕ್ತೀಯಾ?” ಎಂದು ಕೊನೆಯದಾಗಿ ಒಂದು ತಕರಾರು ತೆಗೆದ ಮೇಸ್ತ್ರಿ.

“ಗಣಿ ಒಳಗಿಂದ ಎತ್ತೋ ನೀರು ಮೋರಿಗೆ ಓಗ್ತೈತಲ್ಲ, ಅದೇ ಸಾಕು.”

“ಮಂಗಳವಾರ ಸಂಜೆ ಗಂಟ ಟೈಮು. ಅಷ್ಟ್ರೊಳಗೆ ಆಗ್ನಿಲ್ಲ ಅಂದ್ರೆ ನಾನೇ ನಿಂತು ಮರಳು ಒಡೆಸ್ತೀನಿ, ನೋಡ್ಕೋ” ಎಂದು ಹೇಳಿ ಕೋದಂಡಪ್ಪ ಹೋದ.

ಭಾನುವಾರ ವೆಂಕಟಪ್ಪ ಪಂಪಿನವರ ಹತ್ತಿರ ಹೋಗಿ ಹಿತ್ತಾಳೆ ಮೂತಿ ಕೇಳಿ ಪಡೆದ. ಹದಿನೈದು ವರ್ಷದ ಬಡ್ಡಿ ಸಮೇತ ಅವರು ತೀರಿಸಿಕೊಂಡರು. “ಬರ್ರಲೇ, ಮರಳಣ್ಣ ಪಾತ್ರೆ ತಿಕ್ತಾವ್ನೆ!” ಎಂದು ಗುಂಪು ಕಟ್ಟಿಕೊಂಡು ಬಂದು ನಿಂತರು. ಅವನು ಮೂತಿಯನ್ನು ಕಲ್ಲಿನತ್ತ ತಿರುಗಿಸಿದ. ನೀರು ಬಿಟ್ಟ. ಎಣ್ಣೆ ಹೋಯಿತು, ಮಸಿ ಹೋಯಿತು, ಅರಿಶಿನ ಹಳದಿ ಕಾಲುವೆಯಾಗಿ ಹರಿದುಹೋಯಿತು. ಸುಣ್ಣ ಮಾತ್ರ ಜಗ್ಗಲಿಲ್ಲ. ಮೂತಿಯನ್ನು ಹತ್ತಿರ ಒಯ್ದರೆ ಸುಣ್ಣದೊಂದಿಗೆ ಕಲ್ಲಿನ ಚಕ್ಕೆಯೂ ಎದ್ದೀತೆಂಬ ಭಯ, ದೂರ ಹಿಡಿದರೆ ನೀರು ಸುಣ್ಣದ ಮೇಲಿಂದ ಜಾರಿಹೋಗುತ್ತಿತ್ತು. ಸಂಜೆಯವರೆಗೂ ಹೊಡೆದು, ನೆನೆದ ಕೋಳಿಯಾಗಿ ಮನೆಗೆ ಬಂದ. ಅವತ್ತು ಅವನಿಗೆ ನಿಜವಾಗಿಯೂ ಅಳು ಬಂದಿತ್ತು.

ಅವನ ಹೆಂಡತಿ ತಿರುವಿದ ಮುದ್ದೆಯನ್ನು ಇಕ್ಕುತ್ತ ಮುನಿಗಂಗಮ್ಮ ಎಲ್ಲ ಕೇಳಿದಳು. “ಇತ್ತಾಳೆ ದೀಪಕ್ಕೆ ಕಿಲುಬು ಇಡಿದ್ರೆ ಏನ್ಲಾ ಆಕ್ತೀವಿ?”

“ಉಣ್ಸೇಹಣ್ಣು.”

“ಸುಣ್ಣಕ್ಕೂ ಅದೇ ಕಣ್ಲಾ. ಸುಣ್ಣ ಜಾಸ್ತಿಯಾಗಿ ಬಾಯಿ ಸುಟ್ಟಾಗ ಉಳಿ ಚಪ್ಪರಿಸಲ್ವಾ? ನೆನ್ಯಾಕು. ಆತ್ರ ಬೀಳ್ಬ್ಯಾಡ.”

ಸೋಮವಾರ ಬೆಳಗ್ಗೆ ಎರಡು ಸೇರು ಹಳೆಯ ಹುಣಸೆಹಣ್ಣು ಕಿವುಚಿ, ಆ ನೀರಿನಲ್ಲಿ ಗೋಣಿಚೀಲ ಅದ್ದಿ ಕಲ್ಲಿಗೆ ಸುತ್ತಿದರು. ಇಡೀ ದಿನ ಅದು ಒಣಗದಂತೆ ಗಂಟೆಗೊಮ್ಮೆ ಹುಳಿನೀರು ಹಾಕಿದ್ದು ಮುನಿಗಂಗಮ್ಮನೇ. ಕೋದಂಡಪ್ಪ ಒಮ್ಮೆ ಬಂದು ನೋಡಿ, “ಏನಮ್ಮೋ, ಕಲ್ಲಿಗೆ ಉಳಿಸಾರು ಮಾಡ್ತಾ ಇದ್ದೀರಾ?” ಎಂದು ಹೋದ.

ಮಂಗಳವಾರ ಅಮಾವಾಸ್ಯೆ. ಗೋಣಿ ಬಿಚ್ಚಿ, ಒಂದು ಮಾರು ದೂರ ನಿಂತು, ಮೂತಿಯನ್ನು ಓರೆಯಾಗಿ ಹಿಡಿದು ನೀರು ಬಿಟ್ಟ. ಸುಣ್ಣ ಹಪ್ಪಳ ಎದ್ದಂತೆ ಪದರ ಪದರವಾಗಿ ಎದ್ದು ಬಿತ್ತು. ಒಂದು ಪದರಕ್ಕೆ ಒಂದು ಆಯುಧಪೂಜೆ. ಕಲ್ಲಿನ ತಲೆಯಿಂದ ಹಿಡಿದು ಒಂದೊಂದೇ ಸಾಲು ಇಳಿಯುತ್ತ ಬಂದ. ಮಧ್ಯಾಹ್ನದ ಹೊತ್ತಿಗೆ ಏಳು ಹೆಸರು ಬಿಸಿಲಿಗೆ ಬಂದವು, ಒಂದು ಅಕ್ಷರವೂ ಮುಕ್ಕಾಗಿರಲಿಲ್ಲ. ನಗಲು ಬಂದ ಪಂಪಿನವರು ತಾವೇ ಕೊಳವೆ ಹಿಡಿದು ಸಹಾಯಕ್ಕೆ ನಿಂತಿದ್ದರು. ಮರದ ನೆರಳಿನಲ್ಲಿ ಮುನಿಗಂಗಮ್ಮ ಒಂದು ಮೊಳ ಕನಕಾಂಬರವನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಕೊಂಡು ಕಾದು ಕೂತಿದ್ದಳು.

ಮರಳು ತಾಕಿದಲ್ಲೇ ನಿಲ್ಲುತ್ತದೆ, ನೀರು ಹಾಗಲ್ಲ, ಇಳಿಜಾರು ಹುಡುಕುತ್ತದೆ. ಮೂರು ದಿನ ಹರಿದ ನೀರೆಲ್ಲ ಜಗಲಿಯ ಬುಡಕ್ಕೆ ಇಳಿದು ಗಾರೆಯನ್ನು ಮೆತ್ತಗೆ ಮಾಡಿತ್ತು. ಕೊನೆಗೆ ಕೊಳೆ ತಳ್ಳಲು ಮೂತಿಯನ್ನು ಕೆಳಗೆ ತಿರುಗಿಸಿದನೋ ಇಲ್ಲವೋ, ಕಲ್ಲಿನ ಮುಂದಿನ ಇಟ್ಟಿಗೆಗಳು ಕಳಚಿ ಮಗುಚಿಕೊಂಡವು. ಕೆಸರು ಹರಿದು ಹೋದ ಮೇಲೆ ಅಲ್ಲಿ ಇನ್ನೂ ಎರಡು ಸಾಲು ಕಂಡವು. ಜಗಲಿಗೆ ಮುಂಚಿನ ಎರಡು ಮೂರು ವರ್ಷದ ಸುಣ್ಣ ಗಾರೆಗೇ ಅಂಟಿ ಕಳಚಿತ್ತು, ಅಕ್ಷರ ಕೆತ್ತಿದ ದಿನ ಇದ್ದ ಹಾಗೆ. ವೆಂಕಟಪ್ಪ ಅಷ್ಟಕ್ಕೆ ಗಾಬರಿಯಾಗಲಿಲ್ಲ. ಮೇಲಿನ ಸಾಲುಗಳನ್ನು ಎಣಿಸಿರಲಿಲ್ಲ, ಇದು ತಾರೀಖಿರಬೇಕು ಎಂದೇ ಇನ್ನೂ ಅಂದುಕೊಂಡಿದ್ದ.

ಹೆಸರು ಓದಿಸಲು ಟೈಮ್ ಆಫೀಸಿನ ಗುಮಾಸ್ತ ಕುಪ್ಪುಸ್ವಾಮಿಯನ್ನು ಕರೆದಿದ್ದರು. ಅವನು ತಮಿಳಿನವನು, ಇಂಗ್ಲಿಷ್ ಬಲ್ಲವನು. ಕನ್ನಡಕ ಏರಿಸಿಕೊಂಡು ಕಲ್ಲಿನ ಮುಂದೆ ಕುಕ್ಕರುಗಾಲಲ್ಲಿ ಕೂತ.

“ಮೇಲ್ಗಡೆಯಿಂದ ಓದ್ಲಾ ಅಮ್ಮಾ?”

“ಮೊದ್ಲು ನನ್ ಮಗನ್ದು ಓದು ಸಾಮಿ” ಎನ್ನುತ್ತ ಮುನಿಗಂಗಮ್ಮ ಬಂದು ಕೂತಳು. ಒಂಬತ್ತು ವರ್ಷದ ಅಭ್ಯಾಸ, ಅವಳ ಕೈ ಕೆಳಗೆ ನೋಡದೆಯೇ ಸೀದಾ ಒಂದು ಸಾಲಿನ ಮೇಲೆ ಹೋಗಿ ನಿಂತಿತು. ಹೂವನ್ನೂ ಅಂಟಿಸಿದಳು. “ಇದೇ. ಜಗಲಿಯಿಂದ ನಾಲ್ಕನೇದು.”

ಕುಪ್ಪುಸ್ವಾಮಿ ಬಗ್ಗಿ ನೋಡಿದ. “ಇದು ಆರುಮುಗಂ ಅಂತ ಇದೆ ಅಮ್ಮಾ.”

“ಅಲ್ಲ. ಸರ್ಯಾಗಿ ನೋಡು.”

“ಆರುಮುಗಂ ತಾನ್ ಅಮ್ಮಾ. ನಮ್ಮ ಆರ್ಕಾಟು ಕಡೆಯೋನು ಇರ್ಬೇಕು.” ಅವನು ಬೆರಳನ್ನು ಕೆಳಗೆ ಜಾರಿಸಿದ. “ಇದೋ, ಮುನಿಸ್ವಾಮಪ್ಪ, ಇಲ್ಲಿ ಇದ್ದಾನೆ. ಇನ್ನೂ ಎರಡು ಸಾಲು ಕೆಳಗೆ.” ಆಮೇಲೆ ಮಣ್ಣಿನಿಂದ ಎದ್ದ ಆ ಎರಡು ಸಾಲನ್ನೂ ಓದಿದ. ತಾರೀಖಲ್ಲ, ಅವೂ ಇಬ್ಬರ ಹೆಸರೇ.

ವೆಂಕಟಪ್ಪನಿಗೆ ಆಗ ಎಲ್ಲ ಒಟ್ಟಿಗೆ ತಿಳಿಯಿತು. ಮೂತಿಯನ್ನು ಪಂಪಿನವರ ಕೈಗೆ ಕೊಟ್ಟ. ಮರಳು ಹೊಡೆದಿದ್ದರೆ ಕಲ್ಲು ನುಣ್ಣಗಾಗಿ, ತನ್ನ ತಪ್ಪು ಯಾರಿಗೂ, ತನಗೂ, ತಿಳಿಯದೆ ಮುಗಿದುಹೋಗುತ್ತಿತ್ತು. ಸುಮ್ಮನಿದ್ದರೂ ನಡೆಯುತ್ತಿತ್ತೇನೋ. ಆದರೆ ಅವನು ಅಮ್ಮನ ಪಕ್ಕದಲ್ಲಿ ಕೆಸರಿನಲ್ಲೇ ಕೂತ.

“ಅಮ್ಮ, ಜಗಲಿ ಕಟ್ಟಿದ್ದು ನಾನು. ಎಲ್ಡು ಸಾಲು ಮುಚ್ಚಿದ್ದೂ ನಾನೇ.”

ಮುನಿಗಂಗಮ್ಮ ಈಗ ಎದ್ದ ಸಾಲಿನಿಂದ ಶುರುಮಾಡಿ ಮತ್ತೊಮ್ಮೆ ಬೆರಳಿಟ್ಟು ನಾಲ್ಕರವರೆಗೆ ಎಣಿಸಿದಳು. ಅರ್ಥವಾದ ಮೇಲೆ ಅವಳು ದೊಡ್ಡ ಮಗನ ಮುಖ ನೋಡಲಿಲ್ಲ. “ಒಂಬತ್ ವರ್ಷ ನನ್ ಮಗ ಊವಿಲ್ದೆ ಬರೀ ತಲೇಲಿ ನಿಂತವ್ನೆ” ಎಂದಳು. ಆರುಮುಗಂ ಎಂಬ ಹೆಸರಿನ ಮೇಲಿದ್ದ ಹೂವನ್ನು ಪರಕ್ಕನೆ ಕಿತ್ತು ಎರಡು ಸಾಲು ಕೆಳಗೆ ಅಂಟಿಸಿದಳು. ಆಮೇಲೆ ಅಳು ಬಂತು. ಹದಿನಾಲ್ಕು ವರ್ಷದ ಹಿಂದೆ ಅತ್ತದ್ದಕ್ಕಿಂತ ಜೋರಾಗಿಯೇ ಅತ್ತಳು. ಪಂಪಿನವರು ನೀರು ನಿಲ್ಲಿಸಿ ದೂರ ಹೋದರು.

ಬುಧವಾರ ದೊಡ್ಡವರು ಬಂದರು, ಮಾಲೆ ಹಾಕಿದರು, ಫೋಟೋ ಹಿಡಿಸಿಕೊಂಡು ಕಾರು ಹತ್ತಿದರು. ಕಲ್ಲು ಏನಾಗಿತ್ತು, ಹೇಗೆ ಬೆಳ್ಳಗಾಯಿತು ಎಂದು ಅವರು ಕೇಳಲಿಲ್ಲ, ಕೋದಂಡಪ್ಪ ಹೇಳಲೂ ಇಲ್ಲ. ಜಗಲಿಯನ್ನು ವೆಂಕಟಪ್ಪ ಮತ್ತೆ ಕಟ್ಟಲಿಲ್ಲ. ಮುಂದಿನ ಆಯುಧಪೂಜೆಗೆ ಸುಣ್ಣದ ಬಕೆಟ್ ಹಿಡಿದು ಬಂದವರನ್ನು ತಡೆಯಲು ಬೆಳಗಿನಿಂದ ಕಲ್ಲಿನ ಮುಂದೆ ಕೂತಿದ್ದ. ಕಬ್ಬಿಣಕ್ಕೆ ಮಾತ್ರ ಮರಳು ಹೊಡೆಯುತ್ತಲೇ ಹೋದ, ಬೇರೆ ಕೆಲಸ ಅವನಿಗೆ ಗೊತ್ತಿರಲಿಲ್ಲ. ಆರು ವರ್ಷದ ಮೇಲೆ ಎದೆ ಪೂರ್ತಿ ಕೈಕೊಟ್ಟಾಗ ಕೆಲಸ ಬಿಡಿಸಿದರು. ಕಲ್ಲಿಗೆ ಅವನು ಉಗುರಿಟ್ಟು ನೋಡಿದ್ದ, ಅವನ ಎದೆಯನ್ನು ಹಾಗೆ ಯಾರೂ ನೋಡಿರಲಿಲ್ಲ.

ಹೇಳಬೇಕಾದ್ದು ಇನ್ನೊಂದಿದೆ, ಅದು ಆ ಮಂಗಳವಾರದ ನಂತರದ ಅಮಾವಾಸ್ಯೆಯದು. ಆ ಒಂದು ತಿಂಗಳು ಅಮ್ಮ ಅವನೊಂದಿಗೆ ಊಟಕ್ಕೆ ಕರೆದದ್ದು ಬಿಟ್ಟರೆ ಬೇರೆ ಮಾತಾಡಿರಲಿಲ್ಲ. ಅವನು ಎಂದಿನಂತೆ ರಾಬರ್ಟ್‌ಸನ್‌ಪೇಟೆಯ ಮಾರ್ಕೆಟ್ಟಿಗೆ ಹೋಗಿ ಒಂದು ಮೊಳ ಕನಕಾಂಬರ ತಂದು, ಅಳುಕುತ್ತಲೇ ಅವಳ ಮುಂದಿಟ್ಟ. ಅವಳು ಹೂವನ್ನು ಮೊಣಕೈಯಿಂದ ಬೆರಳ ತುದಿಯವರೆಗೆ ಅಳೆದು ನೋಡಿದಳು.

“ಸಾಲ್ದು. ಇನ್ನೊಂದ್ ಮೊಳ ಬೇಕು.”

“ಯಾರಿಗಮ್ಮ?”

“ಆ ಆರುಮುಗನಿಗೆ. ಒಂಬತ್ ವರ್ಷ ನನ್ ಕಷ್ಟ ಸುಖ ಎಲ್ಲಾ ಅವನ್ ತಾವ್ಲೇ ಏಳ್ಕೊಂಡಿವ್ನಿ. ನಿನ್ ಮೇಲಿನ್ ಸಿಟ್ಟು, ನಿನ್ ಎಂಡ್ತಿ ಮೇಲಿನ್ ಸಿಟ್ಟು, ಎಲ್ಲಾ ಕೇಳ್ಕೊಂಡವ್ನೆ. ಈಗ ಅವನ್ ಮುಂದೇನೇ ಮಕ ತಿರುಗ್ಸಿಕೊಂಡು ಕೂರಾಕಾಯ್ತದೇನ್ಲಾ?”

ವೆಂಕಟಪ್ಪ ಕೆಮ್ಮುತ್ತ ಎದ್ದ, ಮೆಟ್ಟು ಹಾಕಿಕೊಂಡ, ಮತ್ತೆ ಮಾರ್ಕೆಟ್ಟಿಗೆ ನಡೆದ.